ಕಡಲಾಚೆಯವಳ ಪಾಲು

ಶಾಮಾ ತಿನ್ನದ ಪದಾರ್ಥಗಳನ್ನು ಹೇಳುತ್ತ ಕೂತರೆ ಹೊತ್ತು ಮುಳುಗೀತು. ತಿನ್ನುವ ಮೂರನ್ನು ಹೇಳಿಬಿಡುವುದೇ ವಾಸಿ. ರೊಟ್ಟಿಯ ಒಳಗಿನ ಬಿಳಿ ಮೆತ್ತನೆಯ ಭಾಗ, ಬೇಯಿಸಿದ ಮೊಟ್ಟೆಯ ಬಿಳಿ, ಆಮೇಲೆ ಹಾಲು. ಹಾಲಿನಲ್ಲಿ ಕೆನೆಯ ಎಳೆ ಕಂಡರೆ ಅದೂ ಇಲ್ಲ. ಕುಂಬಳಕಾಯಿ ಜಾರುತ್ತದಂತೆ, ಕಡಲೆಕಾಳಿಗೆ ಸಿಪ್ಪೆ ಇದೆಯಂತೆ, ಎಲೆಕೋಸಿಗೆ ವಾಸನೆಯಂತೆ, ಮಾಂಸ ಹಲ್ಲಿಗೆ ಸಿಕ್ಕಿಕೊಳ್ಳುತ್ತದಂತೆ. ಐದು ವರ್ಷದ ಕೂಸಿಗೆ ಇಷ್ಟು ವಕೀಲಿಕೆ ಯಾರು ಕಲಿಸಿದರೋ ಎಂದು ಪಕ್ಕದ ಮನೆಯ ಮುದುಕಿ ಮನ್ನಾನಾ ಗಲ್ಲಕ್ಕೆ ಕೈಯಿಟ್ಟು ಕೂರುತ್ತಿದ್ದಳು.

ಹಾಗಂತ ಹುಡುಗಿ ಗಾಳಿ ಕುಡಿದು ಬೆಳೆದವಳಲ್ಲ. ತಾಯಿ ಹನಿಯಾಳ ಅಂಗೈಯಿಂದ ಎಲ್ಲವನ್ನೂ ತಿನ್ನುತ್ತಿದ್ದಳು. ಶುಕ್ರವಾರ ಮಧ್ಯಾಹ್ನ ಹಬೆಯಲ್ಲಿ ಬೆಂದ ಗೋಧಿರವೆಯ ಕುಸ್ಕುಸ್ ತುಂಬಿದ ಮಣ್ಣಿನ ಹರಿವಾಣ ನಡುವೆ ಬಂದರೆ ಮನೆಮಂದಿಯೆಲ್ಲ ಸುತ್ತ ಕೂತು ತಮ್ಮ ತಮ್ಮ ಎದುರಿನ ಭಾಗದಿಂದ ತಿನ್ನುವುದು ನಮ್ಮ ಕ್ರಮ. ಹನಿಯಾ ತನ್ನ ಎದುರಿನಿಂದ ಒಂದು ಹಿಡಿ ತೆಗೆದು, ಬೆರಳು ತಾಗಿಸದೆ ಬರೀ ಅಂಗೈಯಲ್ಲೇ ಕುಲುಕಿ ಕುಲುಕಿ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡುತ್ತಿದ್ದಳು. ಅದರೊಳಗೆ ಕುಂಬಳ ಹೋಗುತ್ತಿತ್ತು, ಕಡಲೆ ಹೋಗುತ್ತಿತ್ತು, ಮಾಂಸದ ಎಳೆಯೂ ಹೋಗುತ್ತಿತ್ತು. ಶಾಮಾ ಅದನ್ನೆಲ್ಲ ಕಣ್ಣಾರೆ ನೋಡಿಯೂ ನೋಡದವಳಂತೆ ಬಾಯಿ ತೆರೆಯುತ್ತಿದ್ದಳು. ಫೆಬ್ರವರಿಯ ಮೊದಲ ವಾರ ಆ ಅಂಗೈ ಕಡಲು ದಾಟಿ ಹೋಯಿತು.

ಸ್ಪೇನಿನ ತೋಟಗಳಲ್ಲಿ ಸ್ಟ್ರಾಬೆರಿ ಬಿಡಿಸಲು ವರ್ಷಕ್ಕೊಮ್ಮೆ ನಮ್ಮ ಕಡೆಯಿಂದ ಹೆಂಗಸರನ್ನು ಆರಿಸಿ ಹಡಗು ಹತ್ತಿಸುತ್ತಾರೆ. ಜೂನ್‌ವರೆಗೆ ಕೆಲಸ. ಒಂದು ಹಂಗಾಮಿಗೆ ಬರುವ ದುಡ್ಡಿನಲ್ಲಿ ಇಲ್ಲಿ ಎರಡು ವರ್ಷ ಉಸಿರಾಡಬಹುದು. ಗಂಡ ಕೈಬಿಟ್ಟು ತಾಂಜಾ ಪಟ್ಟಣ ಸೇರಿದ ಮೇಲೆ ಹನಿಯಾ ಮಗಳನ್ನು ಕಟ್ಟಿಕೊಂಡು ಅಕ್ಕ ಯಾಮ್ನಾಳ ಮನೆಯಲ್ಲೇ ಇದ್ದಳು. ಆಲಿವ್ ಕೊಯ್ಲಿನ ಹೊತ್ತಿಗೆ ಹೆಸರು ಬರೆಸಲು ಅಕ್ಕತಂಗಿ ಇಬ್ಬರೂ ಹೋಗಿದ್ದರು. ಮೇಜಿನ ಹಿಂದೆ ಕೂತಿದ್ದವನು ಇಬ್ಬರ ಕೈಯನ್ನೂ ಮುಟ್ಟಿ ನೋಡಿ, ಗಟ್ಟಿ ಕೈ ಎಂದು ಮೆಚ್ಚಿ, ಆಮೇಲೆ ಮಕ್ಕಳೆಷ್ಟು ಎಂದು ಕೇಳಿದ. ಹನಿಯಾ ಒಂದು ಎಂದಳು. ಯಾಮ್ನಾ ಇಲ್ಲ ಎಂದಳು. ಆತ ಅವಳ ಕಾಗದವನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದ.

"ಮಕ್ಕಳಿರೋರು ವಾಪಸ್ ಬರ್ತಾರಮ್ಮ. ನಿಮಗ್ಯಾರಿದ್ದಾರೆ ಇಲ್ಲಿ?" ಎಂದ. ಕೆಟ್ಟವನೇನಲ್ಲ ಪಾಪ, ಅವನಿಗೆ ಕೊಟ್ಟ ನಿಯಮ ಅದು. ಆದರೆ ನಲವತ್ತೊಂದು ವರ್ಷದ ಹೆಂಗಸಿಗೆ ಹತ್ತು ಜನರ ಎದುರು ಕೇಳುವ ಮಾತೇ ಅದು? ಮೂರು ಸಲ ಹೊಟ್ಟೆಯಲ್ಲಿ ನಿಂತು ಮೂರು ಸಲವೂ ಇಳಿದುಹೋದದ್ದನ್ನು ಅವನಿಗೆ ಯಾರು ಹೇಳಬೇಕು! ಯಾಮ್ನಾ ಕಾಗದ ಮಡಚಿ ಎದೆಯೊಳಗೆ ಇಟ್ಟುಕೊಂಡು ಬಂದಳು. ಊರು ಹತ್ತಿರ ಬಂದಾಗ ತಂಗಿ, ನಾನು ಹೋದರೆ ಶಾಮಾ ನಿನ್ನವಳೇ ಅಲ್ಲವೇನೇ ಅಕ್ಕ, ಎಂದಳು.

ಆ ಮಾತು ಯಾಮ್ನಾಳ ಎದೆಯಲ್ಲಿ ಕೂತುಬಿಟ್ಟಿತು. ಹೇಳಿಕೊಳ್ಳಲು ನಾಚಿಕೆಯಾದರೂ ನಿಜ ನಿಜವೇ: ತಂಗಿ ಹೋಗುವ ದಿನ ಅವಳು ಅತ್ತದ್ದೂ ಹೌದು, ಒಳಗೊಳಗೇ ಹಿಗ್ಗಿದ್ದೂ ಹೌದು. ನಾಲ್ಕು ತಿಂಗಳು ಒಂದು ಕೂಸು ತನ್ನ ಕೈಯಿಂದ ತಿನ್ನುತ್ತದೆ, ತನ್ನ ಪಕ್ಕದಲ್ಲಿ ಮಲಗುತ್ತದೆ. ಅವಳು ಬಯಸಿದ್ದು ಅಷ್ಟೇ. ಆ ಪುಟ್ಟ ಬಾಯಿ ತನ್ನ ಅಂಗೈಗೆ ತಾನಾಗಿ ತೆರೆದುಕೊಳ್ಳಲಿ ಎಂದು ಅವಳು ಹಂಬಲಿಸಿದಷ್ಟು ಬೇರೆ ಯಾವುದಕ್ಕೂ ಹಂಬಲಿಸಿದವಳಲ್ಲ.

ಬಾಯಿ ತೆರೆಯಲಿಲ್ಲ. ಯಾಮ್ನಾ ಮಾಡಿದ ಉಂಡೆಯೂ ದುಂಡಗೇ ಇತ್ತು, ಅದರೊಳಗೂ ಅದೇ ಕುಂಬಳ, ಅದೇ ಕಡಲೆ ಇತ್ತು. ಶಾಮಾ ತುಟಿ ಬಿಗಿದು ತಲೆಯಾಡಿಸಿದಳು. ಯಾಮ್ನಾ ಮುದ್ದಿಸಿದಳು, ಸಕ್ಕರೆ ಉದುರಿಸಿದಳು, ಚಮಚ ಹಿಡಿದು ಅಂಗಳವೆಲ್ಲ ಓಡಿದಳು, ಸೂಜಿಯ ಡಾಕ್ಟರನ್ನು ಕರೆಯುತ್ತೇನೆ ಎಂದು ಗದರಿಸಿದಳು. ಮನ್ನಾನಾ ಬಂದು ದೃಷ್ಟಿಯಾಗಿದೆ ಎಂದು ಪಟಿಕವನ್ನು ಕೆಂಡಕ್ಕೆ ಹಾಕಿ ಹೊಗೆ ಎಬ್ಬಿಸಿದಳು. ಹೊಗೆಗೆ ಎಲ್ಲರೂ ಕೆಮ್ಮಿದ್ದೊಂದೇ ಲಾಭ. ಯಾಮ್ನಾಳ ಗಂಡ ಬೂಶ್ತಾ ಸಂತೆಯಲ್ಲಿ ಪುದೀನ ಮಾರುವವನು, ಮಾತು ಕಡಿಮೆ. ಹಸಿದರೆ ತಾನೇ ತಿನ್ನುತ್ತಾಳೆ ಬಿಡೆ ಮಾರಾಯ್ತಿ, ಎಂದಷ್ಟೇ ಹೇಳಿ ತನ್ನ ಎದುರಿನ ಭಾಗ ಮುಗಿಸಿ ಎದ್ದು ಹೋದ.

ಎರಡು ವಾರಕ್ಕೆ ಹುಡುಗಿಯ ಕೆನ್ನೆ ಇಳಿಯಿತು. ಆಸ್ಪತ್ರೆಯ ನರ್ಸು ತಕ್ಕಡಿಗೆ ಹತ್ತಿಸಿ ಹುಬ್ಬು ಗಂಟಿಕ್ಕಿದಳು. ಬಲವಂತ ಮಾಡಬೇಡಿ, ಪುಸಲಾಯಿಸಬೇಡಿ, ಸುಳ್ಳು ಹೇಳಿ ತಿನ್ನಿಸಬೇಡಿ, ಎಲ್ಲರ ಜೊತೆ ಕೂರಿಸಿ ಸುಮ್ಮನೆ ಬಿಡಿ, ಮುಟ್ಟಿ ನೋಡಲಿ, ಮೂಸಿ ನೋಡಲಿ, ಹತ್ತು ಸಲ ಬೇಡ ಎಂದದ್ದನ್ನು ಹನ್ನೊಂದನೆಯ ಸಲ ಬಾಯಿಗಿಟ್ಟುಕೊಳ್ಳುತ್ತಾಳೆ, ಎಂದಳು. ಯಾಮ್ನಾಗೆ ರೇಗಿತು. ಹನ್ನೊಂದನೆಯ ಸಲದವರೆಗೆ ಕೂಸು ಉಳಿಯಬೇಕಲ್ಲ! ಸಂಜೆ ಕೆಲಸ ಮುಗಿಸಿ ಹನಿಯಾ ಫೋನ್ ಮಾಡಿದಾಗ ಮೊದಲ ಪ್ರಶ್ನೆ ಅದೇ ಇರುತ್ತಿತ್ತು, ತಿಂದಳಾ ಎಂದು. ತಿಂದಳು ಎಂದು ಯಾಮ್ನಾ ಹೇಳುತ್ತಿದ್ದಳು. ಬೆನ್ನು ಬಗ್ಗಿಸಿ ದುಡಿಯುವವಳ ಹೊಟ್ಟೆ ಯಾಕೆ ಉರಿಸಬೇಕು?

ಪಾಲಿನ ವಿಷಯ ಶುರುವಾದದ್ದು ಆ ಹೊತ್ತಿಗೇ. ಮನೆಯವರಲ್ಲಿ ಯಾರಾದರೂ ಊಟದ ಹೊತ್ತಿಗೆ ಹೊರಗಿದ್ದರೆ, ಹರಿವಾಣಕ್ಕೆ ಯಾರ ಕೈಯೂ ಬೀಳುವ ಮೊದಲು ಅವರ ಪಾಲು ತೆಗೆದು ಬಟ್ಟಲಿಗೆ ಹಾಕಿ ಮುಚ್ಚಿಡುವುದು ನಮ್ಮಲ್ಲಿ ರೂಢಿ. ಬೂಶ್ತಾ ಸಂತೆಗೆ ಹೋದ ದಿನ ಅವನದು, ಹನಿಯಾ ಕೂಲಿಗೆ ಹೋದ ದಿನ ಅವಳದು. ಆದರೆ ಅದು ಸಂಜೆಯೊಳಗೆ ಹೊಸ್ತಿಲು ತುಳಿಯುವವರಿಗೆ ಮಾತ್ರ. ಸೈನ್ಯಕ್ಕೆ ಹೋದವರಿಗೆ, ಸೆರೆಮನೆ ಸೇರಿದವರಿಗೆ, ಕಡಲು ದಾಟಿದವರಿಗೆ ಯಾರೂ ಎತ್ತಿಡುವುದಿಲ್ಲ. ಮುಚ್ಚಿಟ್ಟ ಬಟ್ಟಲೆಂದರೆ ಆ ಮನುಷ್ಯ ಇವತ್ತೇ ಬರುತ್ತಾನೆ ಎಂದು ಮನೆ ಕೊಟ್ಟ ಮಾತು.

ಒಂದು ಶುಕ್ರವಾರ ಶಾಮಾ ಹರಿವಾಣದ ಸುತ್ತ ಕೂತವರನ್ನು ನೋಡಿ, ಅಮ್ಮನ ಪಾಲು ಯಾಕೆ ತೆಗೆಯಲಿಲ್ಲ ಎಂದು ಕೇಳಿದಳು. ಎರಡು ವಾರದಲ್ಲಿ ಊಟದ ಬಗ್ಗೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಯಾಮ್ನಾ ಯೋಚಿಸಲಿಲ್ಲ. ಹೂಂ, ತೆಗೆದೆ ನೋಡು, ಎಂದು ಬಟ್ಟಲು ತಂದು ಹನಿಯಾ ಕೂರುತ್ತಿದ್ದ ಜಾಗದ ಎದುರಿನಿಂದ ತುಂಬಿ, ಮೇಲೊಂದು ತಟ್ಟೆ ಮುಚ್ಚಿದಳು. ಹೋದವಳು ಸಂತೆಗೆ ಹೋಗಿದ್ದಾಳೇನೇ ಎಂದು ಬೂಶ್ತಾ ಹುಬ್ಬು ಹಾರಿಸಿದ. ಯಾಮ್ನಾ ಕಣ್ಣಲ್ಲೇ ಅವನ ಬಾಯಿ ಮುಚ್ಚಿಸಿದಳು. ಶಾಮಾ ಅಂದು ರೊಟ್ಟಿಯ ಬಿಳಿಯ ಜೊತೆ ನಾಲ್ಕು ಕಾಳು ಕುಸ್ಕುಸ್ ನೆಕ್ಕಿದಳು.

ಮಧ್ಯಾಹ್ನದ ನಿದ್ದೆಯಿಂದ ಎದ್ದವಳೇ ಹುಡುಗಿ ಬಟ್ಟಲಿನ ಬಳಿಗೆ ಓಡಿದಳು. ಬಟ್ಟಲು ಬರಿದಾಗಿತ್ತು. ಚೆಲ್ಲಲು ಮನಸ್ಸಾಗದೆ ಯಾಮ್ನಾ ಅದನ್ನು ತಾನೇ ತಿಂದಿದ್ದಳು, ಇನ್ನೇನು ಮಾಡುವುದು?

"ಅಮ್ಮ ಬಂದಿದ್ಲಾ?" ಎಂದಳು ಶಾಮಾ.

ಆ ಮುಖ ನೋಡಿದ್ದರೆ ನೀವೂ ನಾನೂ ಅದನ್ನೇ ಹೇಳುತ್ತಿದ್ದೆವೋ ಏನೋ. ಬಂದಿದ್ದಳು, ತನ್ನ ಪಾಲನ್ನು ಒಂದು ಕಾಳೂ ಬಿಡದೆ ತಿಂದು ಹೋದಳು, ನೀನೂ ನಿನ್ನ ಪಾಲು ತಿನ್ನಬೇಕಂತೆ, ಎಂದುಬಿಟ್ಟಳು ಯಾಮ್ನಾ. ಹುಡುಗಿಯ ಕಣ್ಣು ಅರಳಿತು. ಮಾರನೆಯ ಮಧ್ಯಾಹ್ನ ಅವಳು ಒಂದು ಕಡಲೆಕಾಳಿನ ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡಳು. ಮೂರನೆಯ ದಿನ ಎರಡು. ಯಾಮ್ನಾಳ ಮನಸ್ಸು ಹಗುರಾಯಿತು. ಸುಳ್ಳಾದರೇನು, ಹೊಟ್ಟೆಗೆ ಹೋಯಿತಲ್ಲ!

ನಾಲ್ಕನೆಯ ದಿನ ಶಾಮಾ ಮಲಗಲಿಲ್ಲ. ಹೊಸ್ತಿಲ ಮೇಲೆ ಕೂತು ಓಣಿಯ ತುದಿಯವರೆಗೆ ನೋಡುತ್ತಿದ್ದಳು. ಕಣ್ಣು ಎಳೆಯುತ್ತಿತ್ತು, ಚಿವುಟಿಕೊಂಡು ಕೂತಳು. ಕೊನೆಗೆ ಅಲ್ಲೇ ವಾಲಿದಳು. ಯಾಮ್ನಾ ಎತ್ತಿ ಒಳಗೆ ಮಲಗಿಸಿ, ಕೊಟ್ಟಿಗೆಯ ಹಿಂದೆ ಹೋಗಿ ಬಟ್ಟಲು ಬರಿದು ಮಾಡಿದಳು. ಎದ್ದ ಹುಡುಗಿ ಬರಿ ಬಟ್ಟಲು ನೋಡಿದಳು. ಆಮೇಲೆ, ನನ್ನನ್ನು ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದಳು. ಎಬ್ಬಿಸೋಣ ಎಂದೆ, ಬೇಡ ಮಲಗಲಿ ಎಂದಳು ನಿನ್ನಮ್ಮ, ಎಂದಳು ಯಾಮ್ನಾ. ಒಂದು ಸುಳ್ಳಿಗೆ ಎರಡನೆಯದರ ಆಸರೆ ಕೊಟ್ಟದ್ದು ಹೀಗೆ.

ಅಂದು ಸಂಜೆ ಫೋನ್ ಬಂದಾಗ ಶಾಮಾ ಬರಲಿಲ್ಲ. ಪರದೆಯಲ್ಲಿ ಹನಿಯಾ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚದೆ, ಕೆಂಪು ಕಲೆಯ ಬೆರಳುಗಳಿಂದ ಕೈ ಬೀಸುತ್ತಿದ್ದಳು. ಹುಡುಗಿ ಕೋಳಿಗೂಡಿನ ಹಿಂದೆ ಹೋಗಿ ಕೂತಳು. ಮರುದಿನವೂ ಅಷ್ಟೆ. ಯಾಮ್ನಾ ಫೋನನ್ನು ಅವಳ ಮುಖದ ಮುಂದೆ ಹಿಡಿದರೆ ಕಣ್ಣು ಮುಚ್ಚಿಕೊಂಡಳು. ಆಟದಲ್ಲಿ ಮೈಮರೆತಿದ್ದಾಳೆ ಕಣೆ, ಎಂದು ಯಾಮ್ನಾ ತಂಗಿಯನ್ನು ಸಮಾಧಾನಪಡಿಸಿದಳು. ಆಡಲಿ ಬಿಡು ಎಂದು ಹನಿಯಾ ನಕ್ಕಳು. ನಕ್ಕ ಬಾಯಿ ಆಮೇಲೂ ಹಾಗೇ ಉಳಿದಿತ್ತು.

ಅದರ ಮುಂದಿನ ಶುಕ್ರವಾರ ನಡೆದಂಥದ್ದು ಯಾಮ್ನಾಳ ಬದುಕಿನಲ್ಲೇ ಹಿಂದೆಂದೂ ನಡೆದಿರಲಿಲ್ಲ. ಹರಿವಾಣ ಬಂತು. ಶಾಮಾ ಹನಿಯಾಳ ಜಾಗದ ಪಕ್ಕದಿಂದ ಎದ್ದು ಸುತ್ತು ಹಾಕಿ ಬಂದು ಯಾಮ್ನಾಳ ಮೊಣಕಾಲಿಗೆ ಅಂಟಿ ಕೂತಳು. ಯಾಮ್ನಾ ಅಭ್ಯಾಸಬಲದಿಂದ ಉಂಡೆ ಕುಲುಕುತ್ತಿದ್ದಳು. ಹುಡುಗಿ ಅವಳ ಮುಖ ನೋಡಿ ಬಾಯಿ ತೆರೆದಳು. ಒಳಗೆ ಕುಂಬಳವಿತ್ತು, ಎಲೆಕೋಸೂ ಇತ್ತು. ಜಗಿದು ನುಂಗಿ ಮತ್ತೆ ತೆರೆದಳು. ಆರು ಉಂಡೆ! ಪುಟ್ಟ ಹಲ್ಲು ಬೆರಳ ತುದಿಗೆ ತಾಗಿದಾಗಲೆಲ್ಲ ಯಾಮ್ನಾಗೆ ಅಳು ಬರುತ್ತಿತ್ತು. ಅವಳು ತಾನೇನೂ ತಿನ್ನಲಿಲ್ಲ. ಹಸಿವೆ ಎಂಬುದೇ ಇರಲಿಲ್ಲ ಅವಳಿಗೆ.

ಮಾರ್ಚ್ ತಿಂಗಳೆಲ್ಲ ಹಾಗೇ ಹೋಯಿತು. ಶಾಮಾ ಅವಳ ಕೈಯಿಂದ ಅವರೆಬೇಳೆಯ ಸಾರು ಕುಡಿದಳು, ಮೀನು ತಿಂದಳು, ಆಲಿವ್ ಎಣ್ಣೆಯಲ್ಲಿ ಅದ್ದಿದ ರೊಟ್ಟಿಯನ್ನು ಕಂದು ಪದರದ ಸಮೇತ ತಿಂದಳು. ತಕ್ಕಡಿಯಲ್ಲಿ ಒಂದೂವರೆ ಕಿಲೋ ಏರಿದಳು. ಯಾಮ್ನಾ ಅವಳನ್ನು ಸೊಂಟಕ್ಕೆ ಏರಿಸಿಕೊಂಡು ಬೇಕೆಂದೇ ಬಾವಿಯ ದಾರಿಯಿಂದ ಹೋಗುತ್ತಿದ್ದಳು. ಅಲ್ಲಿ ಹೆಂಗಸರು ಇರುತ್ತಾರೆ ನೋಡಿ. ನಿನ್ನ ಕೈಗುಣ ಕಣೆ ಎಂದು ಅವರು ಹೇಳಿದರೆ ಅವಳು ಬೇರೆ ಕಡೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದಳು. ಮಲಗಿದ ಹುಡುಗಿಯ ಉಸಿರಿನಲ್ಲಿ ತಾನು ಹಾಕಿದ ಜೀರಿಗೆಯ ವಾಸನೆ ಬರುವುದನ್ನು ಮೂಸಿ ನೋಡಿ ಕಣ್ಣು ಮುಚ್ಚುತ್ತಿದ್ದಳು.

ಬಟ್ಟಲು ಮಾತ್ರ ದಿನವೂ ತುಂಬುತ್ತಿತ್ತು, ದಿನವೂ ಬರಿದಾಗುತ್ತಿತ್ತು. ಯಾಮ್ನಾ ಅದನ್ನು ನಿಲ್ಲಿಸಲಿಲ್ಲ. ಯಾಕೆ ನಿಲ್ಲಿಸಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹುಡುಗಿ ತನ್ನ ಕಡೆಗೆ ಸರಿದದ್ದು ಆ ಬಟ್ಟಲಿನಿಂದ. ಎದ್ದಕೂಡಲೇ ಅವಳು ಅದರ ಮುಚ್ಚಳ ಎತ್ತಿ ನೋಡಿ, ಮುಖ ಸಿಂಡರಿಸಿ, ನೇರ ಯಾಮ್ನಾಳ ಮಡಿಲಿಗೆ ಬರುತ್ತಿದ್ದಳು. ಮನ್ನಾನಾ ಒಂದು ದಿನ ಕೊಟ್ಟಿಗೆಯ ಹಿಂದೆ ಬಟ್ಟಲು ಹಿಡಿದು ನಿಂತ ಯಾಮ್ನಾಳನ್ನು ಕಂಡಳು. ಮುದುಕಿ ಊರುಗೋಲು ಊರಿ ನಿಂತು ಬಟ್ಟಲನ್ನೂ ಅವಳ ಬಾಯನ್ನೂ ನೋಡಿದಳು.

"ಯಾರ ಪಾಲು ತಿಂತಿದೀಯೇ ಯಾಮ್ನಾ?" ಎಂದಳು.

ಉತ್ತರಕ್ಕೆ ಕಾಯದೆ ಮುದುಕಿ ಹೊರಟುಹೋದಳು. ಯಾಮ್ನಾ ಆ ದಿನವೂ ಬಟ್ಟಲು ಬರಿದು ಮಾಡಿಯೇ ತೊಳೆದಿಟ್ಟಳು.

ಏಪ್ರಿಲ್ ನಡುವಿನಲ್ಲಿ ಒಂದು ಸಂಜೆ ಹನಿಯಾ ಫೋನಿನಲ್ಲಿ ಏನೂ ಕೇಳಲಿಲ್ಲ. ತಿಂದಳಾ ಎಂದೂ ಕೇಳಲಿಲ್ಲ. ಮಾತಾಡೇ ಎಂದು ಯಾಮ್ನಾ ಎರಡು ಸಲ ಹೇಳಬೇಕಾಯಿತು. ತೋಟದ ಮನೆಯಲ್ಲಿ ಜೊತೆಗಿರುವ ಹೆಂಗಸರೆಲ್ಲ ಸಂಜೆ ಮಕ್ಕಳ ಜೊತೆ ಮಾತಾಡುವಾಗ ತಾನು ಬಚ್ಚಲಿಗೆ ಹೋಗಿ ಕೂರುತ್ತೇನೆ ಎಂದಳು ಹನಿಯಾ. ಆರು ವಾರವಾಯಿತಂತೆ ಮಗಳ ದನಿ ಕೇಳಿ. ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲವಂತೆ. ಮೊನ್ನೆ ಸಾಲಿನ ನಡುವೆ ಕಣ್ಣು ಕತ್ತಲೆ ಬಂದು ಹಣ್ಣಿನ ಪೆಟ್ಟಿಗೆಯ ಮೇಲೆ ಬಿದ್ದಳಂತೆ. ನಡುವೆ ಬಿಟ್ಟು ಬಂದರೆ ಮುಂದಿನ ವರ್ಷ ಕರೆಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಯಾಮ್ನಾಗೂ ಗೊತ್ತಿತ್ತು.

"ನನ್ನ ಮರೆತ್ಲಾ ಅಕ್ಕ? ಮರೆತಿದ್ರೆ ಮರೆತ್ಲು ಅಂತ ಹೇಳಿಬಿಡೇ. ನೀನು ಸಾಕ್ತಿದೀಯ, ನಿಂಗೆ ಪುಣ್ಯ ಬರಲಿ. ನಂಗೆ ನಿಜ ಹೇಳು ಅಷ್ಟೆ."

ಯಾಮ್ನಾ ಬಾಯಿ ತೆರೆದಳು. ಮರೆತಿಲ್ಲ ಎಂಬ ನಾಲ್ಕಕ್ಷರದ ಮಾತು ಹೊರಗೆ ಬರಲಿಲ್ಲ. ಯಾಕೆ ಬರಲಿಲ್ಲ? ಹೌದು ಎಂದುಬಿಟ್ಟರೆ ಈ ಕೂಸು ತನ್ನದೇ ಆಗಿಬಿಡುತ್ತದಲ್ಲ ಎಂದು ಒಳಗೊಂದು ದನಿ ಹೇಳುತ್ತಿತ್ತು. ಆ ದನಿ ಕೇಳಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸಿಗ್ನಲ್ ಸರಿಯಿಲ್ಲ, ನಾಳೆ ಮಾತಾಡೋಣ ಎಂದು ಫೋನ್ ಇಟ್ಟಳು. ಅಲ್ಲೂ ಒಂದು ಸುಳ್ಳು.

ಹೊರಗೆ ಅಂಗಳದಲ್ಲಿ ಬೂಶ್ತಾ ಪುದೀನದ ಕಟ್ಟು ಕಟ್ಟುತ್ತಿದ್ದ. ಶಾಮಾ ಅವನಿಗೆ ಒಂದೊಂದೇ ಕಡ್ಡಿ ಕೊಡುತ್ತಿದ್ದಳು. ಅಮ್ಮನ ಜೊತೆ ಯಾಕೆ ಮಾತಾಡುವುದಿಲ್ಲ ಪುಟ್ಟ ಎಂದು ಅವನು ಕೇಳಿದ್ದು ಯಾಮ್ನಾಗೆ ಬಾಗಿಲಲ್ಲೇ ಕೇಳಿಸಿತು.

"ಅವಳು ಊಟಕ್ಕೆ ಬರ್ತಾಳೆ. ನಂಗೋಸ್ಕರ ಬರಲ್ಲ," ಎಂದಳು ಹುಡುಗಿ. ಅಳುತ್ತಿರಲಿಲ್ಲ. ಕಡ್ಡಿ ಆರಿಸುತ್ತಲೇ ಹೇಳಿದಳು. "ದಿನಾ ಬಂದು ತಿಂದು ಹೋಗ್ತಾಳೆ. ನಾನು ಅಲ್ಲೇ ಮಲಗಿರ್ತೀನಿ. ನೋಡೋದೂ ಇಲ್ಲ."

ಬೂಶ್ತಾ ಕಟ್ಟುತ್ತಿದ್ದ ದಾರ ಬಿಟ್ಟ. ತಲೆಯೆತ್ತಿ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ, ಮೂರು ಸಲ ಅವಳು ಹಾಸಿಗೆ ಹಿಡಿದಾಗಲೂ, ಒಂದು ಕಟುಮಾತು ಆಡಿದವನಲ್ಲ ಅವನು. ಈಗಲೂ ದನಿ ಏರಿಸಲಿಲ್ಲ. ನೀನು ಹೇಳುತ್ತೀಯೋ, ಇಲ್ಲ ನಾನು ಹೇಳಲೋ, ಎಂದು ಕೇಳಿದ. ನಾನೇ ಹೇಳುತ್ತೇನೆ, ಒಂದು ದಿನ ಕೊಡು, ಎಂದಳು ಯಾಮ್ನಾ. ಮರುದಿನ ಶುಕ್ರವಾರ.

ಅಂದು ಅವಳು ಕುಸ್ಕುಸನ್ನು ಮೂರು ಸಲ ಹಬೆಗಿಟ್ಟು, ಪ್ರತಿ ಸಲವೂ ಕೈಯಿಂದ ಗಂಟು ಒಡೆದು, ಎಂದಿಗಿಂತ ಹೂವಾಗಿ ಮಾಡಿದಳು. ಒಲೆಯ ಮುಂದೆ ನಿಂತು ತಾನೇನು ಕಳೆದುಕೊಳ್ಳಲಿದ್ದೇನೆ ಎಂಬುದನ್ನು ಸರಿಯಾಗಿ ತಿಳಿದೇ ಮಾಡಿದಳು. ಹೇಳದೆ ಇರಬಹುದಿತ್ತು. ಇನ್ನು ಒಂದೂವರೆ ತಿಂಗಳು, ಆಮೇಲೆ ತಾಯಿ ಬಂದೇ ಬರುತ್ತಾಳೆ, ಎಲ್ಲ ತಾನೇ ಸರಿಹೋಗುತ್ತದೆ ಎಂದುಕೊಳ್ಳಬಹುದಿತ್ತು. ಆ ಒಂದೂವರೆ ತಿಂಗಳಿಗಾಗಿ ಅವಳ ಜೀವ ಬಾಯಿಬಿಡುತ್ತಿತ್ತು. ಇನ್ನೆಂದೂ ಸಿಗದ ಒಂದೂವರೆ ತಿಂಗಳು.

ಹರಿವಾಣ ಇಟ್ಟಳು. ಹನಿಯಾಳ ಎದುರಿನ ಭಾಗ ತೆಗೆದು ಬಟ್ಟಲು ತುಂಬಿದಳು. ಮುಚ್ಚಲಿಲ್ಲ. ಶಾಮಾ ಎಂದಿನಂತೆ ಅವಳ ಮೊಣಕಾಲಿಗೆ ಅಂಟಿ ಕೂತು ಬಾಯಿ ತೆರೆದು ಕಾಯುತ್ತಿದ್ದಳು. ಯಾಮ್ನಾ ಅವಳನ್ನು ಎತ್ತಿ ಎದುರಿಗೆ ಕೂರಿಸಿದಳು, ಮುಖ ಕಾಣುವ ಹಾಗೆ. ಬಟ್ಟಲನ್ನು ಮಡಿಲಿಗೆ ತೆಗೆದುಕೊಂಡು, ಅದರೊಳಗೆ ಕೈಯಿಟ್ಟು, ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಹುಡುಗಿ ಹೌಹಾರಿದಳು.

"ಅದು ಅಮ್ಮಂದು!"

ಯಾಮ್ನಾ ಇನ್ನೊಂದು ತುತ್ತು ತಿಂದಳು, ಇನ್ನೊಂದು ತಿಂದಳು. ನಿಲ್ಲಿಸಿದರೆ ಮತ್ತೆ ಧೈರ್ಯ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಣ್ಣಿಂದ ನೀರು ಗಲ್ಲಕ್ಕೆ ಇಳಿದು ಬಟ್ಟಲಿಗೆ ಬಿತ್ತು. ಬೂಶ್ತಾ ತಲೆ ತಗ್ಗಿಸಿ ಕೂತಿದ್ದ. ಕೊನೆಯ ಕಾಳಿನವರೆಗೆ ತಿಂದು ಬರಿ ಬಟ್ಟಲನ್ನು ಹುಡುಗಿಯ ಮುಂದೆ ಇಟ್ಟಳು.

"ದಿನಾ ಇದನ್ನ ತಿಂದಿದ್ದು ನಾನು, ಶಾಮಾ. ನಿಮ್ಮಮ್ಮ ಒಂದು ದಿನಾನೂ ಬರಲಿಲ್ಲ. ಅವಳು ಕಡಲಿನ ಆ ಕಡೆ ಇದಾಳೆ, ಬರೋಕಾಗಲ್ಲ. ಬಂದಿದ್ರೆ ಊಟ ಬಿಟ್ಟು ನಿನ್ನನ್ನೇ ಮೊದಲು ಎತ್ಕೋತಿದ್ಲು. ನಾನು ಸುಳ್ಳು ಹೇಳ್ದೆ."

ಹುಡುಗಿ ಬಟ್ಟಲು ನೋಡಿದಳು. ಯಾಮ್ನಾಳ ಒದ್ದೆ ಗಲ್ಲ ನೋಡಿದಳು. ಅಳುತ್ತಾಳೆ, ಕೂಗುತ್ತಾಳೆ, ಹೊಡೆಯುತ್ತಾಳೆ ಎಂದು ಯಾಮ್ನಾ ಕಾದಳು, ಹೊಡೆದಿದ್ದರೆ ಚೆನ್ನಾಗಿತ್ತು. ಹಾಗೇನೂ ಆಗಲಿಲ್ಲ. ಶಾಮಾ ಒಂದೇ ಮಾತು ಕೇಳಿದಳು. ಹಾಗಾದರೆ ಅಮ್ಮನಿಗೆ ಇಷ್ಟು ದಿನ ಹಸಿವಾಗಿದೆಯಾ, ಎಂದು.

ಬೂಶ್ತಾ ಎದ್ದು ಫೋನ್ ತಂದ. ಅಲ್ಲಿ ಶುಕ್ರವಾರವೂ ಕೆಲಸದ ದಿನವೇ, ಆದರೆ ಅದು ಊಟದ ಬಿಡುವಿನ ಹೊತ್ತು. ಎರಡನೆಯ ಸಲಕ್ಕೆ ಹನಿಯಾ ಎತ್ತಿದಳು, ಹಿಂದೆ ಪ್ಲಾಸ್ಟಿಕ್ ಚಪ್ಪರದ ಸಾಲು. ಶಾಮಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಳದ ಮೂಲೆಗೆ ಓಡಿ, ಎಲ್ಲರಿಗೂ ಬೆನ್ನು ಹಾಕಿ ಕೂತಳು. ಆರು ವಾರದ ಮಾತು ಒಮ್ಮೆಗೇ ಹೊರಗೆ ಬಂತು. ಹಸು ಕರು ಹಾಕಿದ್ದು, ಹಲ್ಲು ಅಲ್ಲಾಡುತ್ತಿರುವುದು, ಬೂಶ್ತಾ ಗೊರಕೆ ಹೊಡೆಯುವುದು. ದೊಡ್ಡಮ್ಮ ನಿನ್ನ ಪಾಲೆಲ್ಲ ತಿಂದಳಮ್ಮ, ನಾನು ನೀನೇ ಅಂದುಕೊಂಡಿದ್ದೆ, ಎಂದದ್ದೂ ಕೇಳಿಸಿತು. ಆ ಕಡೆಯಿಂದ ನಗುವೋ ಅಳುವೋ ತಿಳಿಯದ ಸದ್ದು ಬಂತು. ಅಮ್ಮಾ, ಅಮ್ಮಾ, ಎಂದು ಹುಡುಗಿ ಪ್ರತಿ ಮಾತಿಗೂ ಎರಡೆರಡು ಸಲ ಕರೆಯುತ್ತಿದ್ದಳು. ಯಾಮ್ನಾ ಹರಿವಾಣದ ಮುಂದೆ ಕೂತು ಪ್ರತಿಯೊಂದು ಕರೆಯನ್ನೂ ಕೇಳಿಸಿಕೊಂಡಳು.

ಫೋನ್ ಕೊನೆಗೆ ಅವಳ ಕೈಗೂ ಬಂತು. ತಂಗಿಗೆ ಹೇಳಬೇಕೆಂದಿದ್ದ ಕ್ಷಮೆಯ ಮಾತು ನಾಲಿಗೆಗೆ ಬರುವಷ್ಟರಲ್ಲಿ ಹನಿಯಾಳೇ ಅವಸರದಿಂದ, ಕೆಲಸಕ್ಕೆ ಕರೆಯುತ್ತಿದ್ದಾರೆ, ಜೂನ್‌ವರೆಗೂ ಇರುತ್ತೇನೆ ಅಕ್ಕ, ಈಗ ಇರಬಲ್ಲೆ, ಎಂದಳು. ಬೈಯುವುದನ್ನೆಲ್ಲ ಬಂದ ಮೇಲೆ ಬೈಯುತ್ತೇನೆ, ಇಟ್ಟುಕೊಂಡಿರು, ಎಂದೂ ಹೇಳಿದಳು. ಮುಖದಲ್ಲಿ ಬಣ್ಣ ಬಂದಿತ್ತು. ಯಾಮ್ನಾ ಹೂಂ ಎಂದಳು.

ಶಾಮಾ ಹರಿವಾಣದ ಬಳಿಗೆ ಬಂದಳು. ಯಾಮ್ನಾಳ ಪಕ್ಕದಲ್ಲಿ ಅಲ್ಲ, ತಾಯಿಯ ಜಾಗದಲ್ಲಿ ಕಾಲು ಮಡಚಿ ಕೂತಳು. ಕುಸ್ಕುಸ್ ಆರಿಹೋಗಿತ್ತು. ಯಾಮ್ನಾ ಒಂದು ಹಿಡಿ ತೆಗೆದು ಕುಲುಕಿ, ಒಳಗೆ ಕುಂಬಳವಿಟ್ಟು, ದುಂಡಗೆ ಮಾಡಿ, ಹರಿವಾಣದ ಮೇಲಿಂದ ಕೈ ಚಾಚಿದಳು. ಬರುತ್ತಾಳೆ ಎಂದಲ್ಲ. ಬಂದರೂ ಬಂದಾಳು ಎಂದು.

"ಬೇಡ ದೊಡ್ಡಮ್ಮ. ನಾನೇ ತಿಂತೀನಿ," ಎಂದಳು ಶಾಮಾ. ದನಿಯಲ್ಲಿ ಕೋಪವಿರಲಿಲ್ಲ. ದೊಡ್ಡವರ ಹಾಗೆ ಬಿಸ್ಮಿಲ್ಲಾ ಎಂದು ತನ್ನ ಎದುರಿನ ಭಾಗಕ್ಕೆ ಪುಟ್ಟ ಕೈಯಿಟ್ಟಳು. ಉಂಡೆ ಆಗಲಿಲ್ಲ, ಅರ್ಧ ಮಡಿಲಿಗೆ ಉದುರಿತು. ಉಳಿದದ್ದನ್ನು ಬಾಯಿಗೆ ತುಂಬಿಕೊಂಡಳು. ಕುಂಬಳವನ್ನು ಬೆರಳಿಂದ ಒತ್ತಿ ನೋಡಿ, ಮೂಸಿ, ಮುಖ ಹುಳ್ಳಗೆ ಮಾಡಿಕೊಂಡು ಒಂದು ಚೂರು ಕಚ್ಚಿದಳು. ನುಂಗಿದಳು. ಮತ್ತೊಂದು ಚೂರು ಕಚ್ಚಿದಳು. ಯಾರೂ ಹೇಳಲಿಲ್ಲ, ಯಾರೂ ಹೊಗಳಲಿಲ್ಲ. ಬೂಶ್ತಾ ಮಜ್ಜಿಗೆಯ ಲೋಟವನ್ನು ಅವಳ ಕೈಗೆ ಎಟುಕುವ ಹಾಗೆ ಸರಿಸಿದ, ಅಷ್ಟೆ.

ಯಾಮ್ನಾಳ ಕೈ ಇನ್ನೂ ಚಾಚಿಯೇ ಇತ್ತು. ಹುಡುಗಿ ತಿನ್ನಬೇಕೆಂದು ಎರಡೂವರೆ ತಿಂಗಳು ಹರಕೆ ಹೊತ್ತವಳು ಅವಳೇ. ಈಗ ಹುಡುಗಿ ತಿನ್ನುತ್ತಿದ್ದಳು. ಇನ್ನು ಅವಳಿಗೆ ಯಾರ ಅಂಗೈಯೂ ಬೇಡ, ಹನಿಯಾ ಬಂದರೂ ಬೇಡವಾದೀತು. ಅಂಗೈಯೊಳಗಿನ ಉಂಡೆಯನ್ನು ಯಾಮ್ನಾ ತಾನೇ ಬಾಯಿಗೆ ಹಾಕಿಕೊಂಡಳು, ನುಂಗಿದಳು, ಮತ್ತು ಎದುರಿಗೆ ಕೂತು ಆ ಕೂಸು ಕೊನೆಯವರೆಗೆ ತಿನ್ನುವುದನ್ನು ಕಣ್ಣು ಕೀಳದೆ ನೋಡಿದಳು.